ಗೇರು ಮಹಾತ್ಮೆ

ಕುಮಟೆಯ ಚಹದಂಗಡಿಯೆದುರು, ವೈಶಾಖದ ಬೇಗೆಯಲ್ಲಿ ಆಪಾದಕಂಠ ಕವಚಧಾರಿಯಾಗಿ ಬೈಕಿನಿಂದಿಳಿದ ತರುಣನನ್ನು ಕಂಡು, ಯಕ್ಷಗಾನದ ಬಣ್ಣದ ವೇಷವೇ ಹಾಡುಹಗಲಿನಲ್ಲಿ ರಂಗಪ್ರವೇಶ ಮಾಡಿತೆಂದು ಭ್ರಮಿಸಿದ ವೃದ್ಧ ಭಟ್ಟರು ಸವಿನಯವಾಗಿ ವಿಚಾರಿಸಿದರು:

“ಯಾವ ಮೇಳವೋ ತಮಾ?”

“ಮೇಳವಲ್ಲ ಭಟ್ರೇ, ರೈಡಿಂಗ್ ಗೇರು. ಅರವತ್ತು ಸಾವಿರ!”

“ಗೇರಿಗೆ ಅಷ್ಟು ದರವೇ! ನಮ್ಮ ಬೇಣದ್ದನ್ನು ಸುಮ್ಮನೆ ಮಾರಿಬಿಟ್ಟೆನಲ್ಲ.”

“ಹೆದ್ದಾರಿ 66ರಲ್ಲಿ ಜಾರಿಬಿದ್ದರೂ ಚರ್ಮ ಸುಲಿಯದು.”

“ಅಂಗಡಿಯವರೇ ಸುಲಿದಾಯಿತಷ್ಟೆ. ಶಿರಸ್ತ್ರಾಣಕ್ಕೆ ಐಎಸ್ 4151 ಮುದ್ರೆಯುಂಟೋ?”

“ಉಂಟು. ಸೆಖೆಯೆಂದು ಕನ್ನಡಿಗೆ ತೂಗುಹಾಕಿದ್ದೇನೆ.”

“ಲೇಸಾಯಿತು, ಕನ್ನಡಿ ಸುರಕ್ಷಿತ. ದಿಗ್ವಿಜಯವೆಲ್ಲಿಗೆ?”

“ಮಿರ್ಜಾನ್ ಕೋಟೆಗೆ, ಫೋಟೋ ತೆಗೆಸಲು.”

“ಹಿಂದಿರುವ ನಿನ್ನ ಹೆಂಡತಿಯ ತಲೆಗೆ?”

“ಸೆರಗುಂಟಲ್ಲ! ಅವಳು ಕೂರುವುದು ಹಿಂದೆ ತಾನೇ?”

“ಅಹುದಹುದು; ಬೀಳುವಾಗಲೂ ಪತಿವ್ರತೆ ನಿನ್ನ ಹಿಂದೆಯೇ ಬಿದ್ದಾಳು.”