ಫೌಲು, ಫ್ರೀ ಬಾಲು ಮತ್ತು ಬೀಳಗಿಯ ಕಾಕಾ

ನಮ್ಮ ಜಮಖಂಡಿ ಕಡೆ ಕುಸ್ತಿಯ ತೀರ್ಪಿಗೆ ಹೆಚ್ಚು ತಕರಾರಿಲ್ಲ. ಬೆನ್ನಿಗೆ ಮಣ್ಣು ಹತ್ತಿತೋ, ಹಲಗಿ ಬಾರಿಸುವವನೇ ಊರಿಗೆಲ್ಲ ಸಾರಿಬಿಡುತ್ತಾನೆ. ಇಂಥ ಊರಿನಲ್ಲಿ ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಸ್ನೂಕರ್ ಟೇಬಲ್ಲನ್ನು ಮಾಳಿಗೆಗೆ ಏರಿಸಿದ ಪುಣ್ಯಾತ್ಮ ನಮಗೆ ಕೊಟ್ಟದ್ದು ಆಟವನ್ನಲ್ಲ, ಜೀವಮಾನಕ್ಕೆ ಸಾಲುವಷ್ಟು ತಕರಾರನ್ನು.

ಆಟ ತಿಳಿಯುವುದು ಕಷ್ಟವಲ್ಲ. ಹದಿನೈದು ಕೆಂಪು, ತಲಾ 1 ಅಂಕ. ಒಂದು ಕೆಂಪು ಗುಳಿಗೆ ಹಾಕಿದರೆ ಮುಂದಿನ ಹೊಡೆತ ಬಣ್ಣದ ಚೆಂಡಿಗೆ: ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ಗುಲಾಬಿಗೆ 6, ಕರಿಯದಕ್ಕೆ 7. ಕಷ್ಟ ಶುರುವಾಗುವುದು ತಪ್ಪು ಮಾಡಿದಾಗ. ನಾವು ಅದನ್ನೇ ಹೆಚ್ಚು ಮಾಡುತ್ತೇವೆ.

ಫೌಲಿಗೆ ಕನಿಷ್ಠ ದಂಡ 4. ಕೆಂಪಿಗೆ ಹೊಡೆಯಬೇಕಾದವನು ಎರಡಂಕದ ಹಳದಿಗೆ ತಾಗಿಸಿದರೂ 4. ನೀಲಿಗೆ ತಾಗಿಸಿದರೆ 5, ಕರಿಯದಕ್ಕೆ 7. ಬಿಳಿ ಚೆಂಡು ಗುಳಿಗೆ ಬಿದ್ದರೆ ಫೌಲು, ಯಾವುದಕ್ಕೂ ತಾಗದೆ ಟೇಬಲ್ ಪ್ರದಕ್ಷಿಣೆ ಹಾಕಿ ಬಂದರೂ ಫೌಲು. ಹೊಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರಬೇಕು. ಮೈಮೇಲಿನ ಬಟ್ಟೆ ಚೆಂಡಿಗೆ ಸೋಕಿದರೂ ಫೌಲೇ. ಟಿವಿಯಲ್ಲಿ ಆಡುವವರು ಮೈಗೆ ಬಿಗಿದ ವೇಸ್ಟ್‌ಕೋಟು ಹಾಕುತ್ತಾರೆ. ಬನಹಟ್ಟಿಯ ನಮ್ಮ ಸೋದರಮಾವ ಧೋತರ ಉಟ್ಟು, ಹೆಗಲಿಗೆ ವಲ್ಲಿ ಹಾಕಿ ಬರುತ್ತಾರೆ. ಅವರು ಬಗ್ಗಿದರೆ ಕೋಲಿಗಿಂತ ಮೊದಲು ವಲ್ಲಿಯೇ ಆಡಿಬಿಡುತ್ತದೆ. ಒಂದು ಸಲ ಅದರ ಕುಚ್ಚು ಗುಲಾಬಿ ಚೆಂಡನ್ನು ಸವರಿತು. ರೆಫ್ರಿಯಾಗಿದ್ದ ನಮ್ಮ ಅಳಿಯ "ಆರು" ಎಂದ.

"ವಲ್ಲಿಗೂ ಆರೇನೋ? ನಾಕಕ್ಕ ಮುಗಸೋ" ಎಂದು ಮಾವ ಚೌಕಾಸಿಗೆ ಇಳಿದರು.

ಈ ದಂಡವನ್ನು ತಪ್ಪು ಮಾಡಿದವನ ಲೆಕ್ಕದಿಂದ ಕಳೆಯುವುದಿಲ್ಲ, ಎದುರಿನವನ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ಮುಧೋಳದಿಂದ ಬರುವ ವಕೀಲ ಮಿತ್ರರಿಗೆ ಇದು ಇಂದಿಗೂ ಹಿಡಿಸಿಲ್ಲ. "ದಂಡ ಸೀದಾ ಫಿರ್ಯಾದಿ ಕೈಗೇ ಹೋದರ ನಡುವಿನವರು ಏನ್ ತಿನ್ನಬೇಕ್ರಿ?" ಎಂಬುದು ಅವರ ವಾದ.

ಅಳಿಯ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಪಂಕಜ್ ಅಡ್ವಾಣಿ ಆಡಿ ಬೆಳೆದ ಊರು ಎಂಬ ಕಾರಣಕ್ಕೆ ಅವನ ಮಾತಿಗೆ ನಮ್ಮಲ್ಲಿ ತೂಕ. ಅಡ್ವಾಣಿಯವರು 18ನೇ ವಯಸ್ಸಿನಲ್ಲಿ, 2003ರಲ್ಲಿ, ಚೀನಾಕ್ಕೆ ಹೋಗಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದು ಬಂದರು. ಅಳಿಯ ಆ ವಯಸ್ಸಿನಲ್ಲಿ ಸಿಇಟಿ ಬರೆದ. ಇರಲಿ, ಫ್ರೀ ಬಾಲ್ ಎಂಬುದನ್ನು ನಮ್ಮ ತಲೆಗೆ ಹಾಕಲು ಹೊರಟವನು ಅವನೇ.

ಒಬ್ಬ ಫೌಲು ಮಾಡಿದ. ಮಾಡಿದ್ದು ಸಾಲದೆಂದು ಬಿಳಿ ಚೆಂಡು ಹೋಗಿ ಒಂದು ಬಣ್ಣದ ಚೆಂಡಿನ ಮರೆಗೆ ಕೂತಿತು. ಈಗ ನಿಮ್ಮ ಸರದಿ, ಕೆಂಪಿಗೆ ಹೊಡೆಯಬೇಕು, ನೇರ ದಾರಿ ಇಲ್ಲ. ಬೇಕಾದರೆ "ನೀನೇ ಮತ್ತೊಮ್ಮೆ ಆಡಪ್ಪಾ" ಎಂದು ಅವನಿಗೇ ಹೇಳಬಹುದು. ಇಲ್ಲವೇ ಯಾವುದಾದರೂ ಬಣ್ಣದ ಚೆಂಡು ತೋರಿಸಿ "ಇದೇ ನನ್ನ ಕೆಂಪು" ಎನ್ನಬಹುದು. ಕರಿಯದನ್ನು ತೋರಿಸಿ ಗುಳಿಗೆ ಹಾಕಿದರೆ ಸಿಗುವುದು 7 ಅಲ್ಲ, ಕೆಂಪಿನ 1 ಮಾತ್ರ. ಕರಿಯದನ್ನು ಎತ್ತಿ ಅದರ ಜಾಗಕ್ಕಿಟ್ಟ ಮೇಲೆ ನೀವು ಇಷ್ಟಬಂದ ಬಣ್ಣಕ್ಕೆ ಕೈಹಾಕಬಹುದು. ಹದಿನೈದೂ ಕೆಂಪು ಮೇಜಿನ ಮೇಲಿರುವಾಗ ಇಂಥ ಯೋಗ ಬಂದರೆ ಹದಿನಾರನೆಯ ಕೆಂಪು ಹುಟ್ಟಿದಂತಾಯಿತು. ಒಂದು ಸರದಿಯಲ್ಲಿ ಹೆಚ್ಚೆಂದರೆ 147ಕ್ಕೆ ನಿಲ್ಲಬೇಕಾದ ಲೆಕ್ಕ 155ಕ್ಕೆ ಏರುತ್ತದೆ. ನಾವು 15.5ಕ್ಕೂ ಏರಿದವರಲ್ಲ, ಆದರೂ ಕೇಳಲು ಹಿತವಾಗಿತ್ತು.

ಜಗಳ ಬಂದದ್ದು "ಮರೆ" ಎಂದರೆ ಎಷ್ಟು ಮರೆ ಎಂಬುದರಲ್ಲಿ. ಕೆಂಪು ಅರ್ಧ ಕಾಣುತ್ತಿದೆ, ಆದರೂ ಅಳಿಯ ಫ್ರೀ ಬಾಲ್ ಅಂದ. "ಕಾಣಾಕತ್ತೈತಲ್ಲೋ!" ಎಂದು ಮಾಳಿಗೆ ಹಾರಿಹೋಗುವಂತೆ ಕೂಗಿದೆವು. ಕಂಡರೆ ಸಾಲದು, ಆ ಕೆಂಪಿನ ಎಡ ಅಂಚು ಬಲ ಅಂಚು ಎರಡಕ್ಕೂ ಬಿಳಿ ಚೆಂಡು ನೇರವಾಗಿ ಹೋಗಿ ತಾಗುವಂತಿರಬೇಕು, ಹಾಗೆ ಒಂದೇ ಒಂದು ಕೆಂಪು ಸಿಕ್ಕರೂ ಫ್ರೀ ಬಾಲ್ ಇಲ್ಲ, ಎಂದು ಅವನು ಗಂಟಲು ಹರಿದುಕೊಂಡ. ವಕೀಲರಿಗೂ ತಿಳಿಯದ್ದು ಮಾವನಿಗೆ ತಟ್ಟನೆ ತಿಳಿಯಿತು. ಮಗ್ಗದ ಮುಂದೆ ಕೂತು ತಲೆ ನೆರೆತವರು. "ಮಡಚಿಟ್ಟ ಸೀರಿ ಒಂದ ದಡಿ ತೋರಸತೈತಿ. ಎರಡೂ ದಡಿ ನೋಡದ ಯಾವ ಗಿರಾಕಿ ರೊಕ್ಕ ಬಿಚ್ಚತಾನ?" ಅಂದರು. ಅಂದಿನಿಂದ ನಮ್ಮ ಟೇಬಲ್ಲಿನಲ್ಲಿ ಅಂಚು ಎಂಬ ಮಾತಿಲ್ಲ, "ದಡಿ ಕಾಣತೈತೋ ಇಲ್ಲೋ?" ಎಂದೇ ಕೇಳುತ್ತೇವೆ.

ನನಗೆ ಮಾತ್ರ ಒಂದು ಸಂಶಯ ಉಳಿಯಿತು. ದಂಡದ 4 ಅಂಕ ಕೊಟ್ಟಾಯಿತು. ಮೇಲೆ ಫ್ರೀ ಬಾಲ್ ಯಾಕೆ? ಒಂದೇ ತಪ್ಪಿಗೆ ಎರಡು ಲಾಭವೇ?

ಉತ್ತರ ಬಂದದ್ದು ಬೀಳಗಿಯ ಕಾಕಾನಿಂದ. ಮದುವೆಗೆಂದು ಬಂದವರು, ಊಟದ ಹೊತ್ತಿನವರೆಗೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ಆಲಮಟ್ಟಿ ಹಿನ್ನೀರಿನಲ್ಲಿ ಅವರ ಹೊಲ ಹೋಗಿದೆ. ನಮ್ಮ ಜಿಲ್ಲೆಯಲ್ಲಿ ಮಗ್ಗಿ ಬಾರದ ಹುಡುಗನಿಗೂ 519.60 ಮತ್ತು 524.256 ಮೀಟರು ಎಂದರೆ ಏನೆಂದು ಗೊತ್ತು. ಅಣೆಕಟ್ಟಿನ ಎತ್ತರದ ಲೆಕ್ಕ ಅದು. ಕಾಕಾ ತಂಬಾಕು ತಿಕ್ಕುತ್ತ ಹೇಳಿದರು: "ನಾಕ ಅಂಕ ಅಂದ್ರ ಪರಿಹಾರ. ಫ್ರೀ ಬಾಲ್ ಅಂದ್ರ ಪುನರ್ವಸತಿ. ರೊಕ್ಕ ಕೊಟ್ಟರ ಆತೇನು? ಮುಂದ ನಡಿಯಾಕ ದಾರಿ ಬ್ಯಾಡಾ?"

ಅಳಿಯ ಬೆರಗಾಗಿ ಇನ್ನೊಂದು ಕಲಮು ಬಿಚ್ಚಿದ: ಫ್ರೀ ಬಾಲ್ ಎಂದು ಹೆಸರಿಸಿದ ಚೆಂಡಿನ ಮರೆಗೇ ಬಿಳಿಯದನ್ನು ಅಡಗಿಸಿ ಎದುರಿನವನ ದಾರಿ ಕಟ್ಟುವಂತಿಲ್ಲ, ಅದೂ ಫೌಲು; ಗುಲಾಬಿ, ಕರಿ ಎರಡೇ ಉಳಿದಾಗ ಮಾತ್ರ ಮಾಫಿ.

"ಬರೋಬ್ಬರಿ ಐತಿ. ಕೊಟ್ಟ ಪ್ಲಾಟಿಗೆ ಬೇಲಿ ಹಾಕಿ ಮಂದಿ ಹಾದಿ ಬಂದ್ ಮಾಡಬಾರದು" ಎಂದ ಕಾಕಾ, ಸ್ಟೂಲನ್ನು ಟೇಬಲ್ಲಿನ ಹತ್ತಿರ ಎಳೆದುಕೊಂಡರು. "ಇದಕ್ಕ ಅರ್ಜಿ ಯಾರಿಗಿ ಕೊಡಬೇಕು?"

"ಅರ್ಜಿ ಇಲ್ಲಜ್ಜಾ. ರೆಫ್ರಿ ಬಗ್ಗಿ ನೋಡಿ ಹೇಳ್ತಾನ."

"ಸ್ಥಳಕ್ಕ ಬರತಾನ?"

"ಸ್ಥಳದಾಗ ಇರತಾನ."

"ಅವತ್ತ ಹೇಳ್ತಾನ?"

"ಅವಾಗಿಂದವಾಗ."

"ಹಂಗಾರ ಇದು ನಮ್ಮ ದೇಶದ ಆಟ ಅಲ್ಲ ಬಿಡು."

"ಅಲ್ಲಜ್ಜಾ, ಹುಟ್ಟಿದ್ದು ನಮ್ಮ ಜಬಲ್ಪುರದಾಗ. 1875ರಾಗ ಚೇಂಬರ್ಲೇನ್ ಅನ್ನೋ ಇಂಗ್ಲಿಷ್ ಮಿಲಿಟರಿ ಸಾಹೇಬ ಶುರು ಮಾಡಿದ್ದಂತ. ಆಮ್ಯಾಲ ಊಟಿ ಕ್ಲಬ್ಬಿನ್ಯಾಗ ನಿಯಮ ಬರದ ಹಚ್ಚಿದ್ರಂತ."

ಕಾಕಾ ತಂಬಾಕು ಬಾಯಿಗೆ ಒಗೆದುಕೊಂಡರು. "ಹೋಗೂಮುಂದ ಆ ಫೈಲ್ ಅಷ್ಟ ಒಯ್ದಾರ ನೋಡು."