ಇಬ್ಬರಿಗೆ ಮಾತ್ರ

ಜರ್ಮನಿಯಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾರುವವರು ಹೇಳುವ ಕಾರಣಗಳು ಎರಡೇ. ಒಂದು, ಮನೆಗೆ ಮಗು ಬರಲಿದೆ. ಇನ್ನೊಂದು, ಸೊಂಟ ಹಿಡಿದಿದೆ. ಹಳೆ ಕಾರಿನ ಜಾಹೀರಾತುಗಳನ್ನು ರಾತ್ರಿ ಹೊದಿಕೆಯೊಳಗೆ ಕದ್ದು ಓದುವ ಚಟ ಹತ್ತಿದ ಮೇಲೆ ನನಗಾದ ಜ್ಞಾನೋದಯ ಇದು. ಮನೆಯಲ್ಲಿ ಮೂರನೆಯವರು ಹುಟ್ಟುವ ಮುಂಚಿನ ಕೆಲವು ವರ್ಷ, ಆ ಮೂರನೆಯವರು ಮನೆ ಬಿಟ್ಟ ಮೇಲೆ ನಡು ಬಗ್ಗುವವರೆಗಿನ ಕೆಲವು ವರ್ಷ, ಇಷ್ಟರಲ್ಲೇ ಈ ಕಾರಿನ ಯೋಗ. ಮೊದಲನೆಯ ಅವಧಿಯಲ್ಲಿ ನಾನು ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕಟ್ಟುತ್ತಿದ್ದೆ, ಎಂದು ತೆರೆಯಿತೋ ಎಂದು ಮುಚ್ಚಿತೋ ಗೊತ್ತಾಗಲಿಲ್ಲ. ಎರಡನೆಯದು ಮಗಳು ಓದಲು ಆಖೆನ್‌ಗೆ ಹೊರಟ ದಿನ ತೆರೆಯಿತು. ಸೊಂಟ ಇನ್ನೂ ನೆಟ್ಟಗಿತ್ತು.

ನಾವಿರುವುದು ಸ್ಟುಟ್‌ಗಾರ್ಟಿನಲ್ಲಿ. ಈ ಊರಿಗೆ ಮರ್ಸಿಡಿಸ್ ಗ್ರಾಮದೇವತೆ. ರೈಲು ನಿಲ್ದಾಣದ ಗೋಪುರದ ತುದಿಯಲ್ಲೂ ದಶಕಗಟ್ಟಲೆ ಅವರ ನಕ್ಷತ್ರವೇ ಗಿರಗಿರ ತಿರುಗಿತ್ತು. ನನ್ನ ಕಣ್ಣು ಬಿದ್ದದ್ದು ಅವರ ಎಸ್‌ಎಲ್‌ಕೆ ಮೇಲೆ, ಅದರ ಮೊದಲ ತಲೆಮಾರಿನ ಮೇಲೆ. 1996ರಲ್ಲಿ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಅದು ಹೊರಬಂದಾಗ ಜನ ಬಾಯಿ ಬಿಟ್ಟುಕೊಂಡು ನೋಡಿದ್ದು ಅದರ ತಲೆಯನ್ನು. ಸೂರು ಬಟ್ಟೆಯದಲ್ಲ, ಉಕ್ಕಿನದು. ಗುಂಡಿ ಒತ್ತಿ ಹಿಡಿದರೆ 25 ಸೆಕೆಂಡಿನಲ್ಲಿ ಎರಡು ಮಡಿಕೆಯಾಗಿ ಡಿಕ್ಕಿಯೊಳಗೆ ಮಲಗಿಬಿಡುತ್ತದೆ. ಇಂಥ ಮಡಚುವ ಗಟ್ಟಿ ಸೂರನ್ನು 1930ರ ದಶಕದಲ್ಲೇ ಯೋಚಿಸಿ ಪೇಟೆಂಟ್ ಮಾಡಿಸಿದ್ದು ಫ್ರಾನ್ಸಿನ ಜಾರ್ಜ್ ಪೋಲಾಂ. ಪೇಜೋ ಕಂಪನಿಯವರು ಅದನ್ನು ಕಾರಿಗೆ ಕೂರಿಸಿದರು. ಪೋಲಾಂ ವೃತ್ತಿಯಿಂದ ದಂತವೈದ್ಯ. ದೊಡ್ಡ ಬಾಯಿ ತೆರೆಸುವ, ಮುಚ್ಚಿಸುವ ಕೆಲಸ ಅವನಿಗೆ ಹೇಳಿಕೊಡಬೇಕಿರಲಿಲ್ಲ.

ತುಮಕೂರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

"ಎಷ್ಟು ಸೀಟಿಂದು?" ಎಂದರು ಅಪ್ಪ. ನಮ್ಮ ಕಡೆ ಕಾರಿನ ಬಗ್ಗೆ ಮೊದಲ ಪ್ರಶ್ನೆ ಅದೇ. ಮೈಲೇಜು ಆಮೇಲೆ.

"ಎರಡು."

"ಹಿಂದ್ಗಡೆ?"

"ಹಿಂದೆ ಇಲ್ಲಪ್ಪ. ಒಟ್ಟೂ ಎರಡೇ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಲ್ವೋ, ನಮ್ಮ ಚೇತಕ್‌ಗೆ ಎರಡು ಚಕ್ರ. ನಾವು ನಾಲ್ಕು ಜನ ಕೂತು ಸಿದ್ಧಗಂಗೆ ಜಾತ್ರೆಗೆ ಹೋಗ್ಬರ್ತಿದ್ವಿ. ನಿನ್ನ ಕಾರಿಗೆ ನಾಲ್ಕು ಚಕ್ರ, ಕೂರೋರು ಇಬ್ಬರಾ? ಈ ಲೆಕ್ಕ ಯಾವ ಇಂಜಿನಿಯರ್ ಹಾಕಿದ್ದು?"

"ಮೇಲಿನ ಸೂರು ತೆಗೀಬಹುದಪ್ಪ."

"ಯಾಕೆ ತೆಗೀಬೇಕು?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬಿಸಿಲಿದ್ದರೆ ರಸ್ತೆಯ ಆ ಬದಿಗೆ ದಾಟಿ ನಡೆಯುವ, ಬಸ್ಸಿನಲ್ಲಿ ಬಿಸಿಲು ಯಾವ ಕಿಟಕಿಗೆ ಬರುತ್ತದೆಂದು ಲೆಕ್ಕ ಹಾಕಿ ಸೀಟು ಹಿಡಿಯುವ ಜನ ನಾವು. ದುಡ್ಡು ಕೊಟ್ಟು ನೆರಳನ್ನು ತೆಗೆಸುವುದು ನಮ್ಮ ರಕ್ತದಲ್ಲೇ ಇಲ್ಲ. ಇಲ್ಲಿಯವರ ಕಥೆ ಬೇರೆ. ಏಪ್ರಿಲಿನ ಕೊರೆವ ಚಳಿಯಲ್ಲಿ, ಉಣ್ಣೆ ಟೋಪಿ ಎಳೆದುಕೊಂಡು, ಹೀಟರು ಪೂರ್ತಿ ತಿರುಗಿಸಿ, ಸೂರು ಮಾತ್ರ ತೆರೆದೇ ಇಟ್ಟುಕೊಂಡು ಹೋಗುತ್ತಾರೆ. ಮೋಡದ ಸಂದಿಯಿಂದ ಸೂರ್ಯ ಇಣುಕಿದನೆಂದರೆ ಅದನ್ನು ಮನೆಯೊಳಗೆ ಕೂತು ಕಳೆಯುವುದು ಇವರಿಗೆ ಪಾಪ.

ಹಾಗೆ ನೋಡಿದರೆ ಕಾರು ಹುಟ್ಟಿದ್ದೇ ಸೂರಿಲ್ಲದೆ, ಅದೂ ಇದೇ ಸೀಮೆಯಲ್ಲಿ. 1888ರ ಆಗಸ್ಟಿನಲ್ಲಿ ಬೆರ್ಟಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಕೇಳದೆ ಅವನು ಕಟ್ಟಿದ ಮೂರು ಚಕ್ರದ ಬಂಡಿ ತೆಗೆದುಕೊಂಡು ಮನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ವೀಸ್‌ಲೋಖ್ ಎಂಬಲ್ಲಿ ಔಷಧದ ಅಂಗಡಿಯಲ್ಲಿ ಇಂಧನ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಈ ಕಥೆಯನ್ನು ನಾನು ಹೆಂಡತಿಯ ಮುಂದೆ ಭಕ್ತಿಯಿಂದ ಒಪ್ಪಿಸಿ, ಇದು ಪರಂಪರೆಯ ವಿಷಯ ಎಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಒಬ್ಬಳೇ ಹೋದಳಾ?"

"ಇಲ್ಲ, ಇಬ್ಬರು ಗಂಡುಮಕ್ಕಳನ್ನೂ ಕೂರಿಸ್ಕೊಂಡು."

"ನೋಡಿ ಮತ್ತೆ. ಆ ಕಾಲದಲ್ಲೇ ಮೂರು ಜನಕ್ಕೆ ಜಾಗ ಇತ್ತು."

ಆದರೂ ಕಾರು ನೋಡಲು ಬಂದಳು. ಬರುವುದಕ್ಕೆ ಕಾರಣ ಬೆಲೆ. ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಹೊಸದರಲ್ಲಿ ಈ ಕಾರಿಗೆ ಬುಕ್ ಮಾಡಿದವರು, ನಮ್ಮಪ್ಪ ಚೇತಕ್‌ಗೆ ಕಾದ ಹಾಗೆ, ವರ್ಷಗಟ್ಟಲೆ ಕಾಯಬೇಕಿತ್ತು. ಆಮೇಲೆ ಕಂಪನಿಯವರು 2004ರ ತನಕ ಮೂರು ಲಕ್ಷಕ್ಕೂ ಹೆಚ್ಚು ಕಾರು ಮಾಡಿ ಸುರಿದರು. ಹೀಗಾಗಿ ಅದು ಅಪರೂಪದ ವಸ್ತುವೂ ಅಲ್ಲ, ಹೊಸ ವಸ್ತುವೂ ಅಲ್ಲ. ಇವತ್ತು ಅಚ್ಚುಕಟ್ಟಾದ ಒಂದನ್ನು, ಹೊಸ ಪುಟ್ಟ ಕಾರಿನ ಅರ್ಧ ಬೆಲೆಗೂ ಕಡಿಮೆಗೆ ತರಬಹುದು. ಸಹೋದ್ಯೋಗಿಗಳು ತಿಂಗಳ ಕಂತಿನಲ್ಲಿ ಓಡಿಸುವ ಎತ್ತರದ ಎಸ್‌ಯುವಿಗಳ ಮುಂದೆ ಇದರ ಬೆಲೆ ಹೇಳಿದರೆ ನಗೆಪಾಟಲು. ಆದರೆ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ! ಮೂತಿಯ ಮೇಲೆ ನಕ್ಷತ್ರ, ತಲೆಯ ಮೇಲೆ ಆಕಾಶ, ಎರಡೇ ಸೀಟು. ಕಂಡವರು ತಾವೇ ಒಂದು ಮೊತ್ತ ಊಹಿಸಿಕೊಳ್ಳುತ್ತಾರೆ. ಶ್ರೀಮಂತನೆಂದು ಅಪಾರ್ಥಕ್ಕೀಡಾಗಲು ಇದಕ್ಕಿಂತ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ.

ಮಾರುವವರು ಶ್ವೇಬಿಶ್ ಆಲ್ಬ್ ಬೆಟ್ಟದ ಮೇಲಿನ ಹಳ್ಳಿಯೊಂದರ ನಿವೃತ್ತ ಮೇಷ್ಟರು. ಸೊಂಟದ ಗುಂಪಿನವರು. ಬೆಳ್ಳಿ ಬಣ್ಣದ ಕಾರು, 2.3 ಲೀಟರಿನ, ಸೂಪರ್‌ಚಾರ್ಜರ್ ಇರುವ, 193 ಅಶ್ವಶಕ್ತಿಯ ಎಂಜಿನು. ಆದರೆ ಅವರು ಕಾರಿಗಿಂತ ಮುಂಚೆ ತೋರಿಸಿದ್ದು ಒಂದು ದಪ್ಪ ಫೈಲು. ಮೊದಲ ದಿನದಿಂದ ಹಾಕಿಸಿದ ಎಣ್ಣೆ, ಬದಲಿಸಿದ ಬಲ್ಬು, ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಟ್ಯೂಫ್ ತಪಾಸಣೆಯ ವರದಿ, ಎಲ್ಲ ತಾರೀಖುವಾರು, ತೂತು ಹೊಡೆದು ಸೇರಿಸಿದ್ದು. ಒಂದು ಹಾಳೆಯ ಅಂಚು ಸಹ ಮಡಿಚಿಲ್ಲ. ಬಾಗಿಲಿನ ರಬ್ಬರಿಗೆ ಯಾವ ತಿಂಗಳು ಎಣ್ಣೆ ಸವರಿದರು ಎಂಬುದಕ್ಕೂ ಪೆನ್ಸಿಲಿನಲ್ಲಿ ಬರೆದ ಪಟ್ಟಿಯಿತ್ತು. ನಂತರ ನಮ್ಮ ವಿಚಾರಣೆ ಶುರುವಾಯಿತು. ಎಲ್ಲಿ ನಿಲ್ಲಿಸುತ್ತೀರಿ? ಗ್ಯಾರೇಜು ಒಣಗಿದೆಯೇ? ಚಳಿಗಾಲದಲ್ಲಿ ಓಡಿಸುತ್ತೀರಾ? ಇಲ್ಲಿ ಹಿಮಕ್ಕೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಗಾಡಿಯ ಅಡಿಗೆ ಸಿಡಿದು ತುಕ್ಕು ಹಿಡಿಸುತ್ತದೆ. "ಇದು ಉಪ್ಪನ್ನೇ ಕಂಡಿಲ್ಲ" ಎಂದರು ಮೇಷ್ಟರು, ಗಂಟಲು ಸ್ವಲ್ಪ ಕಟ್ಟಿತ್ತು.

ಹೆಂಡತಿ ಕನ್ನಡದಲ್ಲಿ ಪಿಸುಗುಟ್ಟಿದಳು: "ರೀ, ಇವರು ಕಾರು ಮಾರ್ತಿದ್ದಾರೋ, ಹೆಣ್ಣು ಒಪ್ಪಿಸಿ ಕೊಡ್ತಿದ್ದಾರೋ?"

ನಾನು ಓದಿಕೊಂಡು ಹೋದದ್ದನ್ನೆಲ್ಲ ಪರೀಕ್ಷಿಸಿದೆ. ಚಕ್ರದ ಕಮಾನುಗಳ ಒಳಗೆ ಬೆರಳಾಡಿಸಿ ತುಕ್ಕಿನ ಬೊಬ್ಬೆ ಹುಡುಕಿದೆ. ಸೂರನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರುಗಳ ಸುತ್ತ ಎಣ್ಣೆಯ ಜಿಡ್ಡಿದೆಯೇ ಎಂದು ಡಿಕ್ಕಿಯೊಳಗೆ ತಲೆ ತೂರಿಸಿದೆ. ಈ ವಯಸ್ಸಿನ ದುಬಾರಿ ಕಾರುಗಳಲ್ಲಿ ಕೊಳ್ಳುವವನು ನೆನಪಿಡಬೇಕಾದ್ದು ಒಂದಿದೆ: ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬಿಡಿಭಾಗದ ಬೆಲೆಗೆ ಮಾತ್ರ ವಯಸ್ಸೇ ಆಗುವುದಿಲ್ಲ. ಒಂದು ಸಿಲಿಂಡರು ಸೋರಿದರೆ ಕೊಂಡ ಸಂತೋಷವೆಲ್ಲ ಅದರ ಜೊತೆಗೇ ಸೋರುತ್ತದೆ. ಎಲ್ಲ ಒಣಗಿತ್ತು.

ಕೊನೆಗೆ ಟೈರು. ಹಲ್ಲುಗಳು ಹೊಸದರಂತೆ ಆಳವಾಗಿದ್ದವು. ಆದರೆ ಟೈರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿತ್ತು. ಅಂದರೆ 2014ರ 23ನೆಯ ವಾರದ ಟೈರು. ಸವೆಯದಿದ್ದರೂ ರಬ್ಬರು ಮುದಿಯಾಗಿತ್ತು. ನಾನಿದನ್ನು ಹೆಂಡತಿಯ ಕಿವಿಗೆ ಹಾಕಿದ್ದಷ್ಟೇ. ಮುಂದಿನದನ್ನು ಅವಳು ವಹಿಸಿಕೊಂಡಳು. ಅವಳು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಪಳಗಿದವಳು. ಜರ್ಮನ್ ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲದೆ, ದನಿಯೇರಿಸದೆ, ಟೈರಿನಿಂದ ಶುರುಮಾಡಿ ಮೇಷ್ಟರ ಸೊಂಟದವರೆಗೂ ಹೋಗಿ ಬಂದಳು. ಮೊತ್ತ ನಾಲ್ಕು ಟೈರಿನ ಬೆಲೆಯಷ್ಟು ಇಳಿಯಿತು. ಕೈಕುಲುಕಿದ್ದೂ ಆಯಿತು. ಆಮೇಲೆ ಗ್ಯಾರೇಜಿನ ಗೋಡೆಯ ಕಡೆ ಬೊಟ್ಟು ಮಾಡಿ, "ಆ ಮೊಳೆಗೆ ತೂಗುಹಾಕಿರೋದು ಏನು?" ಎಂದಳು. ಸೀಟುಗಳ ಹಿಂದೆ ಸಿಕ್ಕಿಸುವ, ಬೆನ್ನ ಹಿಂದಿನಿಂದ ನುಗ್ಗುವ ಗಾಳಿ ತಡೆಯುವ ಜಾಲರಿ ಅದು. ಕೊಸರು ಎಂಬ ಪದ್ಧತಿ ಜರ್ಮನಿಯಲ್ಲಿಲ್ಲ. ಆ ದಿನ ಆ ಹಳ್ಳಿಯಲ್ಲಿ ಶುರುವಾಯಿತು. ಮೇಷ್ಟರ ಹೆಂಡತಿ ಒಳಗಿನಿಂದ ಒಂದು ಬಾಟಲಿ ಪ್ಲಮ್ ಜಾಮನ್ನೂ ತಂದುಕೊಟ್ಟರು.

ಕಾರು ಮನೆಗೆ ಬಂದ ಮೇಲೆ ಪೂಜೆ. ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹತ್ತಿಸಿದೆ. ಕೆಳಗಿನ ಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ಈ ಸೀಮೆಯಲ್ಲಿ ಕೇರ್‌ವೋಖೆ ಎಂಬ ಕಟ್ಟುನಿಟ್ಟಿನ ಸಂಪ್ರದಾಯವಿದೆ: ವಾರಕ್ಕೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಬೇಕು, ಯಾರ ಸರದಿಯೋ ಅವರ ಬಾಗಿಲಿಗೆ ಫಲಕ ತೂಗುತ್ತದೆ. ಆ ವಾರ ಫಲಕ ಅಜ್ಜಿಯ ಬಾಗಿಲಲ್ಲಿತ್ತು. ಇಳಿದು ಬಂದು, ಅಪ್ಪಚ್ಚಿಯಾದ ನಿಂಬೆಹಣ್ಣನ್ನು ನೋಡಿ, ಇದೇಕೆ ಎಂದರು. ಯಾರ ಕಣ್ಣೂ ತಾಗದಿರಲಿ ಎಂದು, ಅಂದೆ. ಅಜ್ಜಿ ಮೇಲಿನ ಮಹಡಿಯ ಕಿಟಕಿಗಳನ್ನೊಮ್ಮೆ ದಿಟ್ಟಿಸಿ, "ನಾಲ್ಕು ಸಾಲದು" ಎಂದು ಪೊರಕೆಯನ್ನು ನನ್ನ ಕೈಗಿತ್ತರು. ಹೊಸ ಕಾರು ತರಿಸುವಾಗ ಮಾಡೆಲ್ ನಂಬರಿನ ಫಲಕ ಹಾಕಬೇಡಿ ಎಂದು ಹೇಳಿ, ಎಷ್ಟರದು ಎಂದು ಯಾರಿಗೂ ತಿಳಿಯದಂತೆ ಓಡಿಸುವವರಿರುವ ಊರಿದು. ನಾನು ಮಾಡಿದ್ದು ತದ್ವಿರುದ್ಧ.

ಸೂರು ಡಿಕ್ಕಿಯಲ್ಲಿ ಮಲಗುವುದೇನೋ ಸರಿ, ಆದರೆ ಮಲಗಿದ ಮೇಲೆ ಅಲ್ಲಿ ಮಿಕ್ಕವರಿಗೆ ಜಾಗವಿಲ್ಲ. ಮುಚ್ಚಿದ್ದಾಗ 348 ಲೀಟರಿನ ಡಿಕ್ಕಿ ತೆರೆದಾಗ 145 ಲೀಟರಿಗೆ ಇಳಿಯುತ್ತದೆ. ಸಾಮಾನಿನ ಮೇಲೆ ಒಂದು ಪರದೆಯನ್ನು ಎಳೆದು ಸಿಕ್ಕಿಸದಿದ್ದರೆ ಸೂರು ಅಲುಗುವುದೇ ಇಲ್ಲ. ಸೋನಾ ಮಸೂರಿಯ ಮೂಟೆ ಇದ್ದರೆ ಪರದೆ ಕೂರುವುದಿಲ್ಲ. ಅಂದರೆ ಇಂಡಿಯನ್ ಅಂಗಡಿಯಿಂದ ಹೊರಟಾಗ ಅಕ್ಕಿ ಬೇಕೋ ಆಕಾಶ ಬೇಕೋ ನಿರ್ಧರಿಸಬೇಕು. ಒಂದು ಶನಿವಾರ ನಾನು ಆಕಾಶಕ್ಕೆ ಹಟ ಹಿಡಿದೆ. ಹತ್ತು ಕಿಲೋ ಅಕ್ಕಿ ಹೆಂಡತಿಯ ಕಾಲ ಬಳಿ, ತೆಂಗಿನಕಾಯಿ ಮಡಿಲಲ್ಲಿ, ಕರಿಬೇವಿನ ಕಟ್ಟು ಕೈಯಲ್ಲಿ. ನೆಕಾರ್ ನದಿಯ ಪಕ್ಕ ವೇಗ ಹೆಚ್ಚಿಸಿದ್ದೇ ಕರಿಬೇವು ಎಲೆ ಎಲೆಯಾಗಿ ಹಾರತೊಡಗಿತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಹೊಚ್ಚಹೊಸ ಪೋರ್ಷೆಯ ಯುವಕ ತನ್ನ ಬಾನೆಟ್ಟಿನ ಮೇಲೆ ಬಂದು ಕೂತ ಎಲೆಯನ್ನು ಬಹಳ ಹೊತ್ತು ನೋಡಿದ.

ಕನ್ನಡ ಬಳಗದ ಯುಗಾದಿಗೆ ಇದರಲ್ಲೇ ಹೋದೆವು. ಅಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಎಷ್ಟು ಬಿತ್ತು?" ನಾನು "ಹಳೇದು" ಎಂದು ತೇಲಿಸಿದಷ್ಟೂ ಅವರ ಊಹೆ ಏರುತ್ತಿತ್ತು. ಒಬ್ಬ ಆಪ್ತರಿಗೆ ಮಾತ್ರ ನಿಜ ಹೇಳಿದೆ. ಅವರ ಮುಖ ಎಷ್ಟು ಬಾಡಿತೆಂದರೆ, ನಾನೇ ಅವರಿಗೆ ಮೋಸ ಮಾಡಿದಂತೆ ಅನಿಸಿತು. ಅಷ್ಟರಲ್ಲಿ ಮಕ್ಕಳು ಸಾಲು ನಿಂತಿದ್ದವು. ಐದು ಸೀಟಿನ ಕಾರಾಗಿದ್ದರೆ ಎರಡು ಸುತ್ತಿನಲ್ಲಿ ಮುಗಿಯುತ್ತಿತ್ತು. ಇದರಲ್ಲಿ ಒಂದು ಸಲಕ್ಕೆ ಒಂದೇ ಮಗು, ಚಿಕ್ಕವರಿಗೆ ಯಾರದೋ ಕಾರಿನ ಮಕ್ಕಳ ಸೀಟು ತಂದು ಕಟ್ಟಬೇಕು, ಬಿಚ್ಚಬೇಕು. ನಾನು ಒಳಗೆ ಹೋಗುವಷ್ಟರಲ್ಲಿ ಹೋಳಿಗೆ ಮುಗಿದು ಉಪ್ಪಿನಕಾಯಿ, ಮಜ್ಜಿಗೆ ಉಳಿದಿತ್ತು.

ಈ ಕಾರಿನ ನಂಬರ್ ಪ್ಲೇಟಿನ ಬಲಗಡೆ 04, ಅದರ ಕೆಳಗೆ 10 ಎಂದಿದೆ. ಏಪ್ರಿಲಿನಿಂದ ಅಕ್ಟೋಬರಿನವರೆಗಿನ ಋತುಮಾನದ ಪ್ಲೇಟು. ತೆರಿಗೆ, ವಿಮೆ ಅಷ್ಟು ತಿಂಗಳಿಗೇ. ಮಿಕ್ಕಂತೆ ಓಡಿಸುವುದಿರಲಿ, ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಯುಗಾದಿಗೆ ಎದ್ದು ದೀಪಾವಳಿಗೆ ಮಲಗುತ್ತದೆ ಎಂದು ಹೆಂಡತಿ ಊರಿನವರಿಗೆ ವಿವರಿಸುತ್ತಾಳೆ.

ಜೂನಿನಲ್ಲಿ ಅಪ್ಪ ಅಮ್ಮ ಬಂದರು. ಫ್ರಾಂಕ್‌ಫರ್ಟಿನಿಂದ ರೈಲಿನಲ್ಲೇ ಕರೆತಂದೆ, ಅದರ ಬಗ್ಗೆ ಅಪ್ಪ ಚಕಾರ ಎತ್ತಲಿಲ್ಲ. ಚೇತಕ್‌ನ ಲೆಕ್ಕವನ್ನು ಮತ್ತೊಮ್ಮೆ ನೆನಪಿಸಿದರು, ಅಷ್ಟೇ. ಮರುದಿನ ಮಂಕಿ ಕ್ಯಾಪು, ಮಫ್ಲರು ಸುತ್ತಿಕೊಂಡು ಹತ್ತಿದರು. ಹತ್ತುವುದೆಂದರೆ ಇಳಿಯುವುದು, ಸೀಟು ನೆಲಕ್ಕೆ ಅಷ್ಟು ಹತ್ತಿರ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್ ಕಡೆಗೆ ಕಪ್ಪು ಕಾಡಿನ ನೆತ್ತಿಯ ಮೇಲೆ ಹೋಗುವ ಬಿ 500 ರಸ್ತೆಯಲ್ಲಿ ಕರೆದೊಯ್ದೆ. ತಿರುವುಗಳಲ್ಲಿ ಮಾತಿಲ್ಲ. ಮುಮ್ಮೆಲ್‌ಸೇ ಕೊಳದ ಬಳಿ ನಿಲ್ಲಿಸಿದಾಗ ಬೆಲೆ ಕೇಳಿದರು. ಅಪ್ಪನಿಗೆ ಸುಳ್ಳು ಹೇಳಲಾದೀತೇ? ಯೂರೋದಲ್ಲಿ ಹೇಳಿದೆ. ಬೆರಳು ಮಡಿಸಿ ರೂಪಾಯಿ ಮಾಡಿ, "ಆರು ಲಕ್ಷಕ್ಕೆ ಮರ್ಸಿಡಿಸ್ಸಾ!" ಎಂದು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ."

ಅಲ್ಲಿಂದಲೇ ತುಮಕೂರಿಗೆ ವಿಡಿಯೊ ಕಾಲ್ ಹೋಯಿತು, ಚಿಕ್ಕಪ್ಪನಿಗೆ. ಕಾರಿನ ಸುತ್ತ ಫೋನು ತಿರುಗಿತು. ಸೂರು ಮುಚ್ಚಿ ತೆರೆದು ತೋರಿಸುವಂತೆ ನನಗೆ ಅಪ್ಪಣೆಯಾಯಿತು. "ರೇಟು ಗೀಟು ಎಲ್ಲ ಕೇಳಬೇಡಪ್ಪ, ಕಂಪನಿ ಯಾವುದು ಅಂತ ನೋಡು, ನೀನೇ ಲೆಕ್ಕ ಹಾಕ್ಕೋ" ಎಂದರು ಅಪ್ಪ. ಚಿಕ್ಕಪ್ಪ ಚೆನ್ನಾಗಿಯೇ ಲೆಕ್ಕ ಹಾಕಿಕೊಂಡಿರಬೇಕು. ಮಾರನೆಯ ಬೆಳಿಗ್ಗೆ ನನಗೇ ಫೋನ್ ಬಂತು. "ಏನಪ್ಪ, ಚೆನ್ನಾಗಿದ್ದೀಯಾ? ಇಲ್ಲಿ ಕ್ಯಾತ್ಸಂದ್ರದ ಹತ್ರ ಒಂದು ಸೈಟು ನೋಡಿದೀನಿ. ಜಾಸ್ತಿ ಬೇಡ, ಹದಿನೈದು ಲಕ್ಷ ಕೈಗಡ ಕೊಟ್ಟಿದ್ರೆ..."

ಅಪ್ಪ ಎದುರಿಗೇ ಕಾಫಿ ಹೀರುತ್ತಿದ್ದರು. ದುಡ್ಡು ಇಲ್ಲ ಅನ್ನು ಎಂದು ಕೈ ಅಲ್ಲಾಡಿಸಿದರು. ಹಾಗಾದರೆ ಕಾರಿನ ಬೆಲೆಯನ್ನೇ ಹೇಳಿಬಿಡಲೇ ಎಂದು ನಾನು ಸನ್ನೆ ಮಾಡಿದ್ದಕ್ಕೆ ಲೋಟ ಕೆಳಗಿಟ್ಟು, ಫೋನನ್ನೇ ಕಿತ್ತುಕೊಂಡರು.