ತೌಡು ಕುಟ್ಟುವ ಕೆಲಸ

ಮೊನ್ನೆ ನಮ್ಮ ಕುಕ್ಕರಿನ ವೇಟು ಕಾಣೆಯಾಯಿತು. ಐದು ಲೀಟರಿನ ಕುಕ್ಕರು, ಮುಚ್ಚಳ, ಗ್ಯಾಸ್ಕೆಟ್ಟು ಎಲ್ಲ ಇದ್ದವು. ಹೆಬ್ಬೆರಳಿನಷ್ಟು ವೇಟು ಮಾತ್ರ ಇಲ್ಲ. ಕುಕ್ಕರು ಬುಸ್ಸೆಂದು ಉಗಿ ಬಿಟ್ಟಿತೇ ಹೊರತು ಅದರ ಬೇಳೆ ಬೇಯಲಿಲ್ಲ.

“ದೇಹ ಬೆಳೆಸಿಕೊಂಡು ಕೂತರಾಯಿತೇ?” ಎಂದಳು ಹೆಂಡತಿ. ಕುಕ್ಕರಿಗೇ ಹೇಳಿದ್ದೆಂದು ಸಮಾಧಾನಪಟ್ಟುಕೊಂಡು, ಪೇಪರು ಮಡಿಸಿ ಹುಡುಕಲು ಎದ್ದೆ.

ಮೈಯೊಳಗಿನ ಎಷ್ಟೋ ಕಿಣ್ವಗಳ ಹಣೆಬರಹವೂ ಇದೇ. ದೊಡ್ಡ ಪ್ರೋಟೀನು ಭಾಗಕ್ಕೆ ಅಪೋಎಂಜೈಮ್ ಎಂಬ ಗಂಭೀರ ಹೆಸರೇನೋ ಇದೆ, ಕೆಲಸ ಮಾತ್ರ ಸೊನ್ನೆ. ಒಂದಿಷ್ಟು ಲೋಹವೋ ವಿಟಮಿನ್ನಿನಿಂದಾದ ತುಣುಕೋ ಬಂದು ಅದರ ಗುಳಿಯಲ್ಲಿ ಕೂತ ಮೇಲೇ ಚುರುಕು. ಕೆಂಪು ರಕ್ತಕಣದ ಕಾರ್ಬಾನಿಕ್ ಅನ್‌ಹೈಡ್ರೇಸನ್ನೇ ನೋಡಿ: ಸುಮಾರು 260 ಅಮೈನೋ ಆಮ್ಲಗಳ ಕೂಡುಕುಟುಂಬ, ನಡುವೆ ಒಂದೇ ಒಂದು ಸತುವಿನ ಅಯಾನು. ಆ ಸತು ನೀರಿನ ಅಣುವಿನಿಂದ ಒಂದು ಪ್ರೋಟಾನನ್ನು ಬಿಡಿಸಿ, ಉಳಿದದ್ದನ್ನು ಇಂಗಾಲದ ಡೈಆಕ್ಸೈಡಿನ ಮೇಲೆ ಛೂ ಬಿಡುತ್ತದೆ, ಸೆಕೆಂಡಿಗೆ ಸುಮಾರು 10 ಲಕ್ಷ ಸಲ! ಸತುವನ್ನು ಕಿತ್ತರೆ ಇಡೀ ಕುಟುಂಬ ಜಗಲಿಯಲ್ಲಿ ಕಾಲು ಚಾಚುತ್ತದೆ.

ಈ ಗುಟ್ಟಿನ ಸುಳಿವು ಸಿಕ್ಕಿದ್ದು ಯೀಸ್ಟಿನ ರಸದಲ್ಲಿ. 1906ರಲ್ಲಿ ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಅದನ್ನು ಸೋಸಿ ದೊಡ್ಡ ಅಣುಗಳನ್ನೂ ಚಿಕ್ಕ ಅಣುಗಳನ್ನೂ ಬೇರೆ ಮಾಡಿದರು. ಸಕ್ಕರೆ ಕೊಟ್ಟರೂ ಎರಡು ಪಾಲೂ ಮೌನ. ಮತ್ತೆ ಕೂಡಿಸಿದ್ದೇ ತಡ, ಹುದುಗು ಶುರು.

ಅಕ್ಕಿ ಡಬ್ಬಕ್ಕೂ ಕೈ ಹಾಕಿ ನೋಡಿದೆ. ಮಲ್ಲಿಗೆಯಂಥ ಬಿಳಿ ಅಕ್ಕಿ, ವೇಟಿಲ್ಲ. ಇನ್ನೊಂದು ವೇಟನ್ನು ಗಿರಣಿಯವರು ಮೊದಲೇ ತೆಗೆದಿದ್ದರು. ಸಕ್ಕರೆಯಿಂದ ಶಕ್ತಿ ಹಿಂಡುವ ಕೆಲವು ಕಿಣ್ವಗಳಿಗೆ ಬೇಕಾದ ಬಿ1 ವಿಟಮಿನ್ ಇರುವುದು ತೌಡಿನಲ್ಲಿ. ಜಾವಾದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ಪಾಲಿಶ್ ಮಾಡದ ಅಕ್ಕಿ ಸಿಕ್ಕಾಗ ಏಳುವುದನ್ನೂ ಡಚ್ ವೈದ್ಯ ಐಕ್‌ಮನ್ ಕಂಡಿದ್ದರು. ಅವರಿಗೂ ಹಾರ್ಡನ್‌ರಿಗೂ ನೊಬೆಲ್ ಬಂದದ್ದು ಒಂದೇ ವರ್ಷ, 1929ರಲ್ಲಿ. ನಾವೋ ತೌಡನ್ನು ಎಮ್ಮೆಗೆ ಹಾಕಿ, ಬಿ1 ಮಾತ್ರೆಗೆ ಮೆಡಿಕಲ್ ಶಾಪಿಗೆ ಹೋಗುವವರು. ಎಮ್ಮೆಗೆ ಅದರ ಹಂಗೂ ಇಲ್ಲ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ಬಿ1 ಮಾಡಿಕೊಡುತ್ತವೆ!

ಸಂಜೆ ವೇಟು ಸಿಕ್ಕಿತು, ಮೊಮ್ಮಗಳ ಗೊಂಬೆಯ ಕಿರೀಟವಾಗಿ. ಪಾಪ, ಅದೂ ಅಲ್ಲಿ ಒಂದು ಸಲವೂ ಕೂಗಿರಲಿಲ್ಲ.

ಕುಕ್ಕರು ಮೂರು ಕೂಗು ಹಾಕುವಷ್ಟರಲ್ಲಿ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. “ತೌಡು ಕುಟ್ಟಿದ್ದು ಸಾಕು, ತಟ್ಟೆ ಹಾಕಿ,” ಎಂದಳು.

ಅಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ದೇಹ ತಟ್ಟನೆ ಎದ್ದು ನಿಂತಿತು.